ಅಪ್ಪಾಜಿ ಮನೆಯಲ್ಲಿಲ್ಲ!

ಭಾನುವಾರ ಮಡಗಾವಿನ ನಮ್ಮ ಅಂಗಡಿಗೆ ರಜೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ ಮನೆಮಂದಿಯೆಲ್ಲ ಟಿ.ವಿ. ಮುಂದೆ ಕುಳಿತಿದ್ದೆವು.

2008ರಲ್ಲಿ ಆರಂಭವಾದ ‘ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ’ದ ಜೇಠಾಲಾಲ್ ನಮ್ಮಂತೆಯೇ ವ್ಯಾಪಾರಿ; ತಂದೆ ಚಂಪಕಲಾಲರೆಂದರೆ ನಡುಗುತ್ತಾನೆ. ಈಟಿವಿ ಕನ್ನಡದಲ್ಲಿ ಬರುತ್ತಿದ್ದ ‘ಪಾಪ ಪಾಂಡು’ವಿನ ಪಾಂಡುವಿಗೆ ಹೆಂಡತಿಯ ಭಯ. ಭಯವಿದ್ದಲ್ಲಿ ಸುಳ್ಳು ಹುಟ್ಟುತ್ತದೆ, ಒಂದನ್ನು ಮುಚ್ಚಲು ಇನ್ನೊಂದು. ನಾವು ನಗುತ್ತೇವೆ.

ಅಷ್ಟರಲ್ಲಿ ಫೋನ್ ಬಂತು. ಬಾಕಿ ಹಣ ಕೇಳುವವರು. ನಾನು ಕಣ್ಸನ್ನೆ ಮಾಡುವ ಮೊದಲೇ ಮಗಳು, “ಅಪ್ಪಾಜಿ ಮನೆಯಲ್ಲಿಲ್ಲ” ಎಂದಳು.

ಇದನ್ನು ಜೇಠಾಲಾಲ್ ಕಲಿಸಲಿಲ್ಲ, ಪಾಂಡುವೂ ಕಲಿಸಲಿಲ್ಲ. ಬಸದಿಯಲ್ಲಿ ಸತ್ಯಾಣುವ್ರತ ಸ್ವೀಕರಿಸಿದ ನಾನೇ ಕಲಿಸಿದ್ದೆ. ಫೋನ್ ತೆಗೆದುಕೊಂಡು, “ಇದ್ದೇನೆ, ನಾಳೆ ಹಣ ತಲುಪಿಸುತ್ತೇನೆ” ಎಂದೆ. ಆಮೇಲೆಯೇ ಮಗಳ ಮುಖ ನೋಡಲು ಧೈರ್ಯ ಬಂತು.