ಅಳತೆಯ ಗುಂಗು

ಹೈದರಾಬಾದಿನ ಕೋಠಿಯಲ್ಲಿ ಗುಜರಾತಿ ಗಲ್ಲಿ ಎಂಬ ಇಕ್ಕಟ್ಟಾದ ಬೀದಿಯೊಂದಿದೆ. ಎಲೆಕ್ಟ್ರಾನಿಕ್ಸ್ ಗೀಳು ಹತ್ತಿದವರಿಗೆಲ್ಲ ಅದೇ ಸಂತೆ. ರೆಸಿಸ್ಟರು, ರಿಲೇ, ಜಂಪರ್ ವೈರು, ಬ್ರೆಡ್‌ಬೋರ್ಡು ಹೀಗೆ ಹುಡುಕಿ ಹೋದದ್ದು ಸಿಗುತ್ತದೆ. ಹುಡುಕದೇ ಇದ್ದದ್ದೂ ಚೀಲ ಸೇರುತ್ತದೆ. ಕನ್ನಡಿಗರ ಹಳೆಯ ನೆಲೆಯಾದ ಕಾಚಿಗುಡದಿಂದ, ಅಲ್ಲಿನ ಕರ್ನಾಟಕ ಸಾಹಿತ್ಯ ಮಂದಿರದ ಕಡೆಯಿಂದ ಹೊರಟರೆ ನಡೆದೇ ಹೋಗಬಹುದು. ಅಂಗಡಿಯ ಮುಂದೆ ನಿಂತು ‘ಅಲ್ಟ್ರಾಸಾನಿಕ್’ ಎಂದರೆ ಸಾಕು, ಬೆರಳುದ್ದದ ನೀಲಿ ಹಲಗೆಯೊಂದು ಕೈಗೆ ಬರುತ್ತದೆ. ಬೆಲೆ ನೂರು ರೂಪಾಯಿಯ ಆಸುಪಾಸು. ಹೆಸರು ಎಚ್‌ಸಿ-ಎಸ್‌ಆರ್04.

ಹಲಗೆಯ ಮೇಲೆ ಬೆಳ್ಳಿ ಬಣ್ಣದ ಎರಡು ದುಂಡು ಡಬ್ಬಿಗಳು ಗೂಬೆಯ ಕಣ್ಣಿನ ಹಾಗೆ ನೋಡುತ್ತಿರುತ್ತವೆ. ಒಂದರ ಪಕ್ಕ ‘ಟಿ’, ಇನ್ನೊಂದರ ಪಕ್ಕ ‘ಆರ್’ ಎಂದು ಅಚ್ಚಾಗಿದೆ. ಒಂದು ಸದ್ದು ಕಳಿಸುತ್ತದೆ, ಇನ್ನೊಂದು ಅದರ ಮಾರ್ದನಿಗೆ ಕಿವಿಗೊಡುತ್ತದೆ. ‘ಟ್ರಿಗ್’ ಎಂಬ ಪಿನ್ನಿಗೆ 10 ಮೈಕ್ರೊಸೆಕೆಂಡು ಕರೆಂಟು ತಾಗಿಸಿದರೆ 40 ಕಿಲೋಹರ್ಟ್ಸ್‌ನ ಎಂಟು ಮಿಡಿತಗಳು ಚಿಮ್ಮುತ್ತವೆ. ಮನುಷ್ಯರ ಕಿವಿಗೆ ಅವು ಕೇಳವು. ಎದುರಿನ ವಸ್ತುವಿಗೆ ಬಡಿದು ವಾಪಸು ಬರಲು ಹಿಡಿದ ಹೊತ್ತನ್ನು ‘ಎಕೋ’ ಪಿನ್ನು ಹೇಳುತ್ತದೆ. ಆ ಹೊತ್ತನ್ನು ಮೈಕ್ರೊಸೆಕೆಂಡಿನಲ್ಲಿ ಓದಿ 58ರಿಂದ ಭಾಗಿಸಿದರೆ ಸೆಂಟಿಮೀಟರಿನಲ್ಲಿ ದೂರ ಸಿಕ್ಕಿತು. ಎರಡು ಸೆಂಟಿಮೀಟರಿನಿಂದ ನಾಲ್ಕು ಮೀಟರ್‌ವರೆಗೆ ಇದರ ಹಿಡಿತ.

ಮೊದಲ ಸಲ ಇದನ್ನು ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡಿಗೆ ಜೋಡಿಸಿ, ಲ್ಯಾಪ್‌ಟಾಪ್ ಪರದೆಯ ಮೇಲೆ ಅಂಕಿಗಳು ಸರಸರನೆ ಉರುಳುವುದನ್ನು ಕಂಡವರಿಗೆ ಆ ಖುಷಿ ಬಹುಕಾಲ ನೆನಪಿರುತ್ತದೆ. ಅಂಗೈ ಹತ್ತಿರ ತಂದರೆ 41, 33, 20 ಎಂದು ಇಳಿಯುತ್ತದೆ, ದೂರ ಸರಿಸಿದರೆ ಏರುತ್ತದೆ. ಆಮೇಲೆ ಗೋಡೆ, ಬಾಗಿಲು, ಅಟ್ಟ, ಸ್ಕೂಟರು, ಮನೆಯ ಯಾವ ವಸ್ತುವೂ ಅಳತೆಯಿಂದ ತಪ್ಪಿಸಿಕೊಳ್ಳುವುದಿಲ್ಲ.

ಸದ್ದಿನಿಂದ ಸುದ್ದಿ ತಿಳಿಯುವುದು ಈ ಊರಿಗೆ ಹೊಸದಲ್ಲ. ಗೋಲ್ಕೊಂಡ ಕೋಟೆಯ ಫತೇ ದರ್ವಾಜಾದ ಗುಮ್ಮಟದಡಿ ಚಪ್ಪಾಳೆ ತಟ್ಟಿದರೆ, ಸುಮಾರು ಒಂದು ಕಿಲೋಮೀಟರ್ ಆಚೆ, ಗುಡ್ಡದ ನೆತ್ತಿಯ ಬಾಲಾ ಹಿಸಾರಿನಲ್ಲಿ ಕೇಳುತ್ತದೆ. ಅಷ್ಟು ದೂರಕ್ಕೆ ಸದ್ದಿಗೆ ಮೂರು ಸೆಕೆಂಡು ಬೇಕು.

ಹೈದರಾಬಾದಿನ ಮನೆಗಳಲ್ಲಿ ಈ ಸೆನ್ಸರಿನ ಅಸಲಿ ಕೆಲಸ ಇರುವುದು ಮಹಡಿಯ ಮೇಲೆ. ಎಷ್ಟೋ ಬಡಾವಣೆಗಳಲ್ಲಿ ನಳದ ನೀರು ದಿನ ಬಿಟ್ಟು ದಿನ ಬರುತ್ತದೆ. ಬಂದ ನೀರು ಸಂಪಿಗೆ, ಸಂಪಿನಿಂದ ಮೋಟರು ಹಾಕಿ ಮೇಲಿನ ಟ್ಯಾಂಕಿಗೆ. ‘ಟ್ಯಾಂಕು ತುಂಬಿತಾ ನೋಡು’ ಎಂದು ಮಕ್ಕಳನ್ನು ಮಹಡಿಗೆ ಓಡಿಸದ ಮನೆ ಇಲ್ಲ. ಮುಚ್ಚಳದ ಒಳಗೆ ನೀರಿಗೆ ಮುಖ ಮಾಡಿ ಸೆನ್ಸರು ಕೂರಿಸಿ, ವೈಫೈ ಇರುವ ಇಎಸ್‌ಪಿ8266 ಅಥವಾ ಇಎಸ್‌ಪಿ32 ಬೋರ್ಡಿಗೆ ಜೋಡಿಸಿದರೆ ನೀರಿನ ಮಟ್ಟ ಅಡುಗೆಮನೆಯ ಫೋನಿನಲ್ಲೇ ಕಾಣುತ್ತದೆ. 1.1 ಮೀಟರ್ ಅಡ್ಡಳತೆಯ ದುಂಡು ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ ಸುಮಾರು 9.5 ಲೀಟರ್. ಯಾರ ಸ್ನಾನಕ್ಕೆ ಎಷ್ಟು ಹೋಯಿತೆಂಬುದೂ ಗೊತ್ತಾಗಿಬಿಡುತ್ತದೆ.

ನೀರಿನ ಮಟ್ಟವೇ ಯಂತ್ರವನ್ನು ನಡೆಸಬೇಕೆಂಬ ಆಲೋಚನೆಗೆ ಕನ್ನಡದ ನಂಟೊಂದಿದೆ. ನೀರು ಗೊತ್ತಾದ ಮಟ್ಟ ಮುಟ್ಟಿದಾಗ ತಾವಾಗಿ ತೆರೆದು, ಇಳಿದಾಗ ತಾವಾಗಿ ಮುಚ್ಚುವ ಗೇಟುಗಳನ್ನು ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ್ದರು. 1903ರಲ್ಲಿ ಅವು ಪುಣೆಯ ಹತ್ತಿರದ ಖಡಕವಾಸ್ಲಾ ಜಲಾಶಯಕ್ಕೆ ಬಂದವು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದ ಮೇಲೆ ನಿಜಾಮರ ಸರ್ಕಾರ ಸಲಹೆಗೆ ಕರೆಸಿದ್ದು ಅವರನ್ನೇ. ಅವರ ಸಲಹೆಯಂತೆ ಕಟ್ಟಿದ ಜಲಾಶಯಗಳಲ್ಲಿ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. ಉಸ್ಮಾನ್ ಸಾಗರದ ಪೂರ್ಣಮಟ್ಟ 1,790 ಅಡಿ ಎಂಬುದು ಇಲ್ಲಿನ ಪತ್ರಿಕೆ ಓದುವವರಿಗೆಲ್ಲ ಮಳೆಗಾಲದ ಪರಿಚಿತ ಅಂಕಿ. ಮನೆಯ ಟ್ಯಾಂಕಿಗೂ ಅಂಥದೊಂದು ಮಟ್ಟ ಗೊತ್ತುಮಾಡಿ, ಅದಕ್ಕೆ ತಕ್ಕ ಹಾಗೆ ಮೋಟರು ನಿಲ್ಲುವುದನ್ನು ಕಾಣುವುದರಲ್ಲಿ ಒಂದು ಹೆಮ್ಮೆಯಿದೆ.

ಆದರೆ ಈ ಹವ್ಯಾಸದ ರುಚಿ ಹತ್ತುವುದು ಅಂಕಿ ತಪ್ಪತೊಡಗಿದಾಗ. ಹೈದರಾಬಾದಿನ ಮೇ ತಿಂಗಳನ್ನೇ ನೋಡಿ. 20 ಡಿಗ್ರಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 40 ಡಿಗ್ರಿಯಲ್ಲಿ 355. ಗಾಳಿ ಬಿಸಿಯಾದಷ್ಟೂ ಮಾರ್ದನಿ ಬೇಗ ಮರಳುತ್ತದೆ, ನೀರು ಇರುವುದಕ್ಕಿಂತ ಹತ್ತಿರ ಇದೆಯೆಂದು ಸೆನ್ಸರು ನಂಬುತ್ತದೆ. 20 ಡಿಗ್ರಿಯ ವೇಗದಲ್ಲೇ ಲೆಕ್ಕ ಹಾಕಿದರೆ, ಒಂದು ಮೀಟರ್ ಆಳದಲ್ಲಿರುವ ನೀರನ್ನು ಅದು 40 ಡಿಗ್ರಿಯಲ್ಲಿ ಸುಮಾರು 96.6 ಸೆಂಟಿಮೀಟರ್ ಎನ್ನುತ್ತದೆ. ಮೂರು ಚಿಲ್ಲರೆ ಸೆಂಟಿಮೀಟರಿನ ಈ ವ್ಯತ್ಯಾಸ ಅದೇ ದುಂಡು ಟ್ಯಾಂಕಿನಲ್ಲಿ ಮೂವತ್ತು ಲೀಟರಿಗೂ ಮೇಲೆ! ಪಕ್ಕದಲ್ಲೊಂದು ಉಷ್ಣಾಂಶದ ಸೆನ್ಸರು ಇಟ್ಟು, ಲೆಕ್ಕದಲ್ಲಿ ಡಿಗ್ರಿಗೆ 0.6 ಮೀಟರಿನಂತೆ ವೇಗವನ್ನು ತಿದ್ದಿದರೆ ಅಂಕಿ ಹಳಿಗೆ ಬರುತ್ತದೆ. ಶಾಲೆಯ ಪುಸ್ತಕದಲ್ಲಿ ಪರೀಕ್ಷೆಗೆಂದು ಓದಿ ಮರೆತ ಸೂತ್ರ ತನ್ನದೇ ಮಹಡಿಯ ಮೇಲೆ ನಿಜವಾಗುವುದನ್ನು ನೋಡುವ ಸುಖವನ್ನು ಯಾವ ಅಂಗಡಿಯ ಸಿದ್ಧ ಉಪಕರಣವೂ ಕೊಡಲಾರದು.

ತೊಡಕು ಅಷ್ಟಕ್ಕೇ ಮುಗಿಯುವುದಿಲ್ಲ. ಮುಚ್ಚಳದ ಒಳಗೆ ಹನಿಗಟ್ಟುವ ಆವಿ ಡಬ್ಬಿಗಳ ಜಾಲರಿಗೆ ಇಳಿದರೆ ಸೆನ್ಸರು ಕಿವುಡಾಗುತ್ತದೆ. ಅದಕ್ಕೆಂದೇ ಜೆಎಸ್‌ಎನ್-ಎಸ್‌ಆರ್04ಟಿ ಎಂಬ ನೀರು ತಾಳುವ ಜಾತಿ ಇದೆ. ಆದರೆ ಅದಕ್ಕೆ ಇಪ್ಪತ್ತು ಸೆಂಟಿಮೀಟರಿಗಿಂತ ಹತ್ತಿರದ್ದು ಕಾಣದು. ಹೀಗಾಗಿ ಅದನ್ನು ತುಂಬಿದ ಮಟ್ಟಕ್ಕಿಂತ ಅಷ್ಟು ಎತ್ತರದಲ್ಲೇ ಕೂರಿಸಬೇಕು. ನೀರು ಬೀಳುವಾಗ ಅಲೆಯೆದ್ದು ಅಂಕಿ ಕುಣಿಯುತ್ತದೆ. ಅದಕ್ಕೆ ಏಳು ಸಲ ಅಳೆದು, ಸಾಲಾಗಿ ಜೋಡಿಸಿ, ನಡುವಿನದನ್ನು ಮಾತ್ರ ನಂಬುವುದು ಮದ್ದು. ಇನ್ನು ಎಕೋ ಪಿನ್ನು ಕೊಡುವುದು 5 ವೋಲ್ಟ್, ಇಎಸ್‌ಪಿ ಬೋರ್ಡು ತಾಳುವುದು 3.3. ನಡುವೆ ಒಂದು ಕಿಲೋ ಓಮ್, ಎರಡು ಕಿಲೋ ಓಮ್‌ನ ಜೋಡಿ ರೆಸಿಸ್ಟರು ಹಾಕಿದರೆ ಬೋರ್ಡು ಬಾಳುತ್ತದೆ.

ಕೋಣೆಯೊಳಗಿನ ಕೆಲಸಕ್ಕೆ ಬೇರೆ ಬಗೆಯವಿವೆ. ವಿಎಲ್53ಎಲ್0ಎಕ್ಸ್ ಎಂಬ ಉಗುರಗಲದ ಸೆನ್ಸರು ಕಣ್ಣಿಗೆ ಕಾಣದ ಲೇಸರಿನಿಂದ ಎರಡು ಮೀಟರ್‌ವರೆಗೆ ಅಳೆಯುತ್ತದೆ. ಮೆಟ್ಟಿಲ ದೀಪಕ್ಕೆ ಹೇಳಿಮಾಡಿಸಿದ್ದು. ತಿಳಿನೀರಿನ ಮೇಲೂ ಬಿಸಿಲಲ್ಲೂ ಅದನ್ನು ನೆಚ್ಚುವಂತಿಲ್ಲ. ಅಲುಗಾಡದೆ ಓದುತ್ತ ಕೂತವರನ್ನು ಚಲನೆ ಗುರುತಿಸುವ ಹಳೆಯ ಪಿಐಆರ್ ಸೆನ್ಸರು ಮರೆತು ಫ್ಯಾನು ಆರಿಸಿಬಿಡುತ್ತದೆ. 24 ಗಿಗಾಹರ್ಟ್ಸ್‌ನ ಎಲ್‌ಡಿ2410 ರೇಡಾರು ಉಸಿರಾಟದ ಎದೆಯೇರಿಳಿತವನ್ನೂ ಗುರುತಿಸುತ್ತದೆ, ಹಾರಾಡುವ ಪರದೆಯನ್ನೂ ಒಮ್ಮೊಮ್ಮೆ ಮನುಷ್ಯನೆಂದುಕೊಳ್ಳುತ್ತದೆ. ಇವೆಲ್ಲವನ್ನೂ 2013ರಲ್ಲಿ ಶುರುವಾದ, ಉಚಿತವಾಗಿ ಸಿಗುವ ಹೋಮ್ ಅಸಿಸ್ಟೆಂಟ್ ತಂತ್ರಾಂಶ ಒಂದೇ ಪರದೆಗೆ ತರುತ್ತದೆ.

ಕೈಯಿಂದ ಏನನ್ನಾದರೂ ಮಾಡಬೇಕೆಂಬ ಆಸೆಯುಳ್ಳವರು ಟ್ಯಾಂಕಿನಿಂದಲೇ ಶುರು ಮಾಡಲಿ. ಮೊದಮೊದಲು ಬರೀ ಮಟ್ಟ ಓದಿಕೊಂಡಿರಲಿ. ಅಂಕಿಯ ಮೇಲೆ ನಂಬಿಕೆ ಬಂದ ಮೇಲೆ ಮೋಟರಿನ ಮಾತು. 230 ವೋಲ್ಟಿನ ಜೋಡಣೆಯನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಟ್ಯಾಂಕಿನಲ್ಲಿ ಹಳೆಯ ಫ್ಲೋಟ್ ಸ್ವಿಚ್ ಇದ್ದರೆ ದಯವಿಟ್ಟು ಅದನ್ನು ಕಿತ್ತುಹಾಕಬೇಡಿ. ವೈಫೈ ಕೈಕೊಟ್ಟ ದಿನ ಮೋಟರು ನಿಲ್ಲಿಸಲು ಅದು ಬೇಕು.