ಪರದೆಯ ಹಿಂದೆ ಕೂತವರು

ನಮ್ಮ ಕಡೆ ದೇವರು ಊರಿಗೆ ಬರುವ ದಾರಿಗಳು ಹಲವು. ಪಲ್ಲಕ್ಕಿಯಲ್ಲಿ ಬರುತ್ತಾನೆ, ತೇರಿನಲ್ಲಿ ಬರುತ್ತಾನೆ, ಅವಸರವಿದ್ದರೆ ಪೂಜಾರಿಯ ಮೈಮೇಲೆಯೇ ಬಂದುಬಿಡುತ್ತಾನೆ. ಏಸುಸ್ವಾಮಿ ಮಾತ್ರ ಜೀಪಿನಲ್ಲಿ ಬಂದ. ಜೀಪಿನ ನೆತ್ತಿಗೆ ಒಂದು ಕಹಳೆಯಂಥ ಮೈಕು. ಒಳಗೆ ಪ್ರೊಜೆಕ್ಟರು, ರೀಲಿನ ಡಬ್ಬಿಗಳು, ಜನರೇಟರು, ಮಡಚಿಟ್ಟ ಬಿಳಿ ಪರದೆ. ಇಳಕಲ್ಲಿನ ಓಣಿ ಓಣಿ ಸುತ್ತಿ ಅದು ಸಾರುತ್ತಿತ್ತು: ರಾತ್ರಿ ಎಂಟಕ್ಕೆ ಬಣ್ಣದ ಚಲನಚಿತ್ರ, ಕನ್ನಡದಲ್ಲಿಯೇ ಮಾತು, ಟಿಕೆಟ್ಟು ಇಲ್ಲ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವರು ಲಾಳಿ ನಿಲ್ಲಿಸಿ ಕಿವಿಗೊಡುತ್ತಿದ್ದರು. ಏಸು ಮಾಡಿದ ಪವಾಡಗಳನ್ನು ನಾವು ಕಂಡದ್ದು ರಾತ್ರಿ. ಮೊದಲನೆಯದು ಸಂಜೆಯೇ ಆಗಿಹೋಗಿತ್ತು. ಪುಕ್ಕಟೆ ಸಿನಿಮಾ!

ಎಂಬತ್ತರ ದಶಕದ ಮಾತು. ಜೀಪಿನ ಜೊತೆ ಬರುತ್ತಿದ್ದವರು ಗುಳೇದಗುಡ್ಡದ ಕಡೆಯ ಒಬ್ಬ ಮಾಸ್ತರರು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಯೂರಿದ ಮೇಲೆ ಬಾಸೆಲ್ ಮಿಷನ್ನಿನವರು 1851ರಲ್ಲಿ ಗುಳೇದಗುಡ್ಡಕ್ಕೆ ಬಂದರು. ಹೀಗಾಗಿ ಅಲ್ಲಿಯ ಕ್ರೈಸ್ತರು ನಮಗೆ ಅಪರಿಚಿತರೇನಲ್ಲ. ಇಳಕಲ್ ಸೀರೆ ಉಟ್ಟವಳು ಗುಳೇದಗುಡ್ಡದ ಖಣದ ಕುಪ್ಪಸ ತೊಡದೆ ಲಗ್ನಕ್ಕೆ ಬಂದರೆ ನಾಲ್ಕು ಮಂದಿ ಕೇಳುತ್ತಿದ್ದ ಕಾಲ ಅದು. ಸೀರೆ-ಖಣದ ಈ ಬೀಗತನ ಎಲ್ಲ ಮತಕ್ಕಿಂತ ಗಟ್ಟಿಯಾದದ್ದು.

ಮಾಸ್ತರರು ತೆಳ್ಳಗೆ, ಉದ್ದಕ್ಕೆ ಇದ್ದರು. ಧೋತರದ ಚುಂಗಿನಿಂದ ಪ್ರೊಜೆಕ್ಟರಿನ ಕಣ್ಣು ಒರೆಸುವಾಗ ಅವರ ಮುಖದಲ್ಲಿ ಕೂಸಿನ ಮೂಗು ಒರೆಸುವ ಅಕ್ಕರೆ ಇರುತ್ತಿತ್ತು. ಹದಿನಾರು ಎಂ.ಎಂ. ರೀಲನ್ನು ಗಾಲಿಯಿಂದ ಗಾಲಿಗೆ ಹಾಯಿಸಿ, ಜನರೇಟರಿನ ಮೇಲೆ ಒಂದು ಕೈ ಇಟ್ಟು, ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಪ್ರಾರ್ಥನೆ ಆ ಯಂತ್ರಕ್ಕೇ ಎಂದು ನಾವು ಹುಡುಗರು ಖಾತ್ರಿಯಾಗಿ ನಂಬಿದ್ದೆವು. ಹಗ್ಗ ಎಳೆದಾಗ ಅದು ಗುರ್ ಎಂದು ಎದ್ದರೆ ಚಪ್ಪಾಳೆ. ಏಳದಿದ್ದರೆ, ಅಷ್ಟು ಹೊತ್ತು ಬೈಬಲ್ಲಿನ ಕನ್ನಡದಲ್ಲಿದ್ದ ಮಾಸ್ತರರು ಹುನಗುಂದ ಸಂತೆಯ ಕನ್ನಡಕ್ಕೆ ಇಳಿಯುತ್ತಿದ್ದರು. ಅದಕ್ಕೂ ಚಪ್ಪಾಳೆ.

ಸಿನಿಮಾದ ಹೆಸರು ‘ಜೀಸಸ್’. 1979ರಲ್ಲಿ ತೆರೆಕಂಡದ್ದು. ಲೂಕನ ಸುವಾರ್ತೆಯನ್ನು ಹಿಡಿದು ಇಸ್ರೇಲಿನಲ್ಲಿಯೇ ತೆಗೆದ ಆ ಚಿತ್ರದ ನಿರ್ಮಾಪಕ ಜಾನ್ ಹೇಮನ್. ಏಸುವಾಗಿ ನಟಿಸಿದವನು ಬ್ರಿಯನ್ ಡೀಕನ್ ಎಂಬ ಇಂಗ್ಲಿಷ್ ನಟ, ಸುತ್ತಲಿನವರು ಹೆಚ್ಚಾಗಿ ಆ ನಾಡಿನವರೇ. ಇವತ್ತಿಗೆ ಅದು 2000ಕ್ಕೂ ಹೆಚ್ಚು ಭಾಷೆಗಳಲ್ಲಿ ಮಾತಾಡುತ್ತದೆ. ಇಷ್ಟು ಭಾಷೆ ಕಲಿತ ಸಿನಿಮಾ ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದು ಗಿನ್ನೆಸ್ ದಾಖಲೆಯವರೇ ಬರೆದುಕೊಂಡಿದ್ದಾರೆ. ಇದೆಲ್ಲ ನಾನು ಬಹಳ ತಡವಾಗಿ ಓದಿಕೊಂಡದ್ದು. ಆಗ ನಮಗೆ ಗೊತ್ತಿದ್ದುದು ಇಷ್ಟೇ: ಬಿಳಿಯ ಮನುಷ್ಯ, ನೀಳ ಕೂದಲು, ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ತುಟಿ ಆಡಿಸುತ್ತಾನೆ. ಅದನ್ನು ಯಾರೂ ತಪ್ಪೆಂದು ಎಣಿಸಲಿಲ್ಲ. ಸಾಧುಗಳು ಒಳಗೊಳಗೇ ಜಪ ಮಾಡುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಉಳಿದದ್ದಂತೂ ಬಾದಾಮಿ, ಹುನಗುಂದದ ಆಚೀಚೆ ತೆಗೆದಹಾಗೆಯೇ ಇತ್ತು. ಕಲ್ಲುಗುಡ್ಡ, ಕತ್ತೆ, ಕುರಿಹಿಂಡು, ಬಾವಿಗೆ ಹೋಗುವ ಹೆಂಗಸರು. ನಮ್ಮ ಓಣಿಯ ಕುರುಬರ ಅಜ್ಜನೊಬ್ಬ ಏಸುವಿನ ಉಪದೇಶದ ಉದ್ದಕ್ಕೂ ಹಿಂದೆ ಮೇಯುತ್ತಿದ್ದ ಕುರಿಗಳನ್ನೇ ನೋಡುತ್ತಿದ್ದು, ಕೊನೆಗೆ, "ಉಣ್ಣಿ ಛಲೋ ಐತಿ, ಮೇವಷ್ಟ ಕಡಿಮಿ" ಎಂದು ತೀರ್ಪು ಕೊಟ್ಟ. ಗಿಡ್ಡ ಸುಂಕದವ ಜಕ್ಕಾಯ ಏಸುವನ್ನು ಕಾಣಲು ಮರ ಹತ್ತುವ ದೃಶ್ಯ ಬಂದಾಗ, ಜಾಗ ಸಿಗದೆ ಬೇವಿನ ಗಿಡ ಹತ್ತಿ ಕೂತಿದ್ದ ನಾವು ಹುಡುಗರು ಹೋ ಎಂದು ಕೂಗಿದ ಕೂಗಿಗೆ ಮಾಸ್ತರರು ಪ್ರೊಜೆಕ್ಟರು ಬಿಟ್ಟು ಎದ್ದು ಬಂದರು. ಅಷ್ಟು ಜನ ಒಮ್ಮೆಲೇ ಮನಸ್ಸು ತಿರುಗಿಸಿದರೆಂದು ಅವರಿಗೆ ಅನ್ನಿಸಿರಬೇಕು.

ನಮ್ಮ ಆಯಿ ಪರದೆಯ ಹಿಂದೆ ಕೂತಿದ್ದಳು. ಮುಂದೆ ಗದ್ದಲ, ಹಿಂದೆ ಗಾಳಿ ಎಂಬುದು ಅವಳು ಕೊಟ್ಟ ಕಾರಣ. ನಿಜವಾದ ಕಾರಣ ಬೇರೆ. ಅವಳು ಶಿಳ್ಳಿಕ್ಯಾತರ ತೊಗಲುಗೊಂಬೆ ಆಟ ನೋಡುತ್ತ ಬೆಳೆದವಳು. ಮಳೆ ಹೋದ ವರ್ಷ ಊರವರು ಅವರನ್ನು ಕರೆಸಿ, ದೀಪದ ಬೆಳಕಿನ ಮುಂದೆ ಬಿಳಿ ಪರದೆ ಕಟ್ಟಿಸಿ, ರಾಮಾಯಣ ಆಡಿಸುತ್ತಿದ್ದರು. ಚಿಕ್ಕ ಹುಡುಗಿಯಾಗಿದ್ದಾಗ ಆಯಿ ಪರದೆಯ ಹಿಂದಕ್ಕೆ ನುಸುಳಿ, ರಾವಣನ ಹತ್ತು ತಲೆಯನ್ನು ಒಂದೇ ಕೈ ಆಡಿಸುವುದನ್ನು ಕಂಡವಳು. (ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಆಯಿ ಇರಬೇಕಿತ್ತು.) ಪರದೆ ಅಂದಮೇಲೆ ಅದರ ಹಿಂದೆ ಯಾರೋ ಇರುತ್ತಾರೆ, ಇರಲೇಬೇಕು ಎಂಬುದು ಅವಳ ನಂಬಿಕೆ. ಏಸುವಿನ ಪರದೆಯ ಹಿಂದೆ ಆಡಿಸುವವರು ಯಾರೂ ಇರಲಿಲ್ಲ, ಆಯಿಯೇ ಇದ್ದಳು.

ಹಿಂದಿನಿಂದ ನೋಡಿದವರಿಗೆ ಚಿತ್ರ ತಿರುವುಮುರುವಾಗಿ ಕಾಣುತ್ತದೆ. ಹಾಗಾಗಿ ಆಯಿ ಕಂಡ ಏಸು ಎಡಗೈಯಲ್ಲಿ ರೊಟ್ಟಿ ಮುರಿದ, ಎಡಗೈಯಲ್ಲಿ ಆಶೀರ್ವಾದ ಮಾಡಿದ, ಸತ್ತು ಮಲಗಿದ್ದ ಹುಡುಗಿಯನ್ನು ಎಡಗೈ ಹಿಡಿದು ಎಬ್ಬಿಸಿದ. ನಾನು ಹುಟ್ಟಾ ಎಡಚ. ಉಣ್ಣುವಾಗ ಎಡಗೈ ಮುಂದಾದರೆ ಆಯಿಯ ಸೌಟು ನನ್ನ ಮಣಿಕಟ್ಟಿನ ಮೇಲೆ ಬೀಳುತ್ತಿತ್ತು. ಮರುದಿನ ಬೀಳಲಿಲ್ಲ. ಅಪ್ಪ ಗದರಿದಾಗ ಅವಳು, "ಇರ್ಲಿ ಬಿಡೋ, ಅಂಥಾ ದೊಡ್ಡ ಸ್ವಾಮೇನ ಎಡಗೈಲೆ ಹಂಚ್ಯಾನ" ಎಂದಳು. ಎರಡು ಸಾವಿರ ಭಾಷೆಗಳಲ್ಲಿ ಹೋಗಿ ಆ ಸಿನಿಮಾ ಯಾರ್‍ಯಾರ ಬಾಳಿನಲ್ಲಿ ಏನೇನು ಬದಲಿಸಿತೋ, ನಮ್ಮ ಮನೆಯಲ್ಲಿ ಅದು ಮಾಡಿದ ಉಪಕಾರ ಇದು.

ಶಿಲುಬೆಯ ಭಾಗ ಬಂದಾಗ ಬಯಲು ಸ್ತಬ್ಧವಾಯಿತು. ಮೊಳೆ ಹೊಡೆಯುವ ಸಿಪಾಯಿಗಳಿಗೆ, "ನಿಮ್ಮ ಕೈ ಸೇದ್ಹೋಗ್ಲಿ" ಎಂದು ಹೆಂಗಸರು ಶಪಿಸಿದರು. ಇದೇ ಜನ ಟೆಂಟಿನಲ್ಲಿ ‘ಬೇಡರ ಕಣ್ಣಪ್ಪ’ನ ರಾಜಕುಮಾರ್ ಕಣ್ಣು ಕಿತ್ತುಕೊಡುವಾಗ ಅತ್ತವರು, ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳಲ್ಲಿ ಹರಿಶ್ಚಂದ್ರ ಸುಡುಗಾಡು ಕಾಯುವಾಗ ಅತ್ತವರು. ಅಳುವುದಕ್ಕೆ ಅವರು ಯಾರ ಕುಲಗೋತ್ರ ಕೇಳಿದವರಲ್ಲ. "ಒಳ್ಳೇವರಿಗೆ ಎಲ್ಲಾ ಕಡೆ ಹಿಂಗs" ಎಂದು ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಕಲ್ಯಾಣದಾಗ ಹರಳಯ್ಯ, ಮಧುವಯ್ಯಗ ಆನಿ ಕಾಲಿಗೆ ಕಟ್ಟಿ ಎಳಿಸಲಿಲ್ಲೇನು?" ಕೂಡಲಸಂಗಮ ನಮಗೆ ದೂರವಲ್ಲ. ಬಸವಣ್ಣ ನೊಂದು ಬಂದು ಐಕ್ಯನಾದ ಆ ಜಾಗದ ಗದ್ದುಗೆಗೆ ಹಣೆ ಹಚ್ಚಿ ಬಂದವಳಿಗೆ ಗೊಲ್ಗೊಥಾ ಬೆಟ್ಟ ಹೊಸದೇನಲ್ಲ.

ಅಲ್ಲಿಗೇ ರೀಲು ಮುಗಿಯಿತು. ಇದೇ ತಕ್ಕ ಸಮಯವೆಂದು ಮಾಸ್ತರರು ಮೈಕು ಹಿಡಿದು ಪಾಪ, ಪಶ್ಚಾತ್ತಾಪಗಳನ್ನು ವಿವರಿಸತೊಡಗಿದರು. ವಿವರಣೆ ಉದ್ದವಾಯಿತು. ಕತ್ತಲಿನಿಂದ ಯಾರೋ, "ಮಾಸ್ತರ್ರ, ಮುಂದಿನ ರೀಲ್ ಹಾಕ್ರಿ. ಎದ್ದು ಬರ್ತಾನಂತಲ್ಲ, ಅದನ್ನ ನೋಡಿ ಮಕ್ಕೋತೀವಿ" ಎಂದರು.

ಎದ್ದು ಬಂದದ್ದೂ ಆಯಿತು. ಕೊನೆಗೆ ಮಾಸ್ತರರು, ಈತನನ್ನು ಹೃದಯಕ್ಕೆ ಕರೆದುಕೊಳ್ಳುವವರು ಕೈ ಎತ್ತಬೇಕೆಂದು ಕೇಳಿಕೊಂಡರು. ಬಯಲಿಗೆ ಬಯಲೇ ಕೈ ಎತ್ತಿತು. ಬಾಗಿಲಿಗೆ ಬಂದವರನ್ನು ಬೇಡ ಎನ್ನುವ ರೂಢಿ ನಮ್ಮಲ್ಲಿಲ್ಲ. ಅದೂ ಇಷ್ಟು ನೊಂದವನನ್ನು. ಇಳಕಲ್ಲಿನವರಿಗೆ ಕೊಟ್ಟೂ ಅಭ್ಯಾಸ. ನಮ್ಮ ಮಠದ ಮಹಾಂತಪ್ಪಗಳು ಮನೆಮನೆಗೆ ಜೋಳಿಗೆ ಹಿಡಿದು ಬಂದು ದುಡ್ಡು, ದವಸ ಬೇಡದೆ, ಕುಡಿತ ಹಾಕು, ತಂಬಾಕು ಹಾಕು ಎಂದು ಚಟಗಳನ್ನೇ ಭಿಕ್ಷೆ ಕೇಳುತ್ತಿದ್ದರು. ಒಬ್ಬರು ಚಟ ಕೇಳಿದರು, ಒಬ್ಬರು ಹೃದಯ ಕೇಳಿದರು. ಊರು ಇಬ್ಬರಿಗೂ ಹೂಂ ಎಂದಿತು. ಆಯಿಯಂತೂ ಎರಡೂ ಕೈ ಎತ್ತಿದ್ದಳು. ಮಾಸ್ತರರು ಬ್ಯಾಟರಿ ಹಿಡಿದು ಪರದೆಯ ಎರಡೂ ಬದಿ ಓಡಾಡಿ ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆ ಲೆಕ್ಕ ಅಲ್ಲಿಂದ ಎಲ್ಲಿಗೋ ಹೋಗಿ, ಕಡಲಾಚೆ ಯಾರೋ ಪುಣ್ಯಾತ್ಮರಿಗೆ ಸಂತೋಷ ಕೊಟ್ಟಿರಬೇಕು. ಬೆಳಿಗ್ಗೆ ಆಯಿ ಎಂದಿನಂತೆ ಹಣೆತುಂಬ ವಿಭೂತಿ ಬಳಿದುಕೊಂಡು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದಳು. ಕೊಟ್ಟ ಮಾತಿಗೆ ತಪ್ಪಿದ ಅಳುಕು ಅವಳ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಕರೆದುಕೊಂಡಿದ್ದಳಲ್ಲ; ಒಳಗೆ ಮೊದಲಿದ್ದವರು ಎದ್ದು ಹೋಗಬೇಕೆಂದು ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ.

ಇದರಲ್ಲಿ ಆಯಿ ಒಬ್ಬಳೇ ಅಲ್ಲ ಎಂದು ನನಗೆ ಧೈರ್ಯ ಬಂದದ್ದು ದಾದಾಸಾಹೇಬ ಫಾಲ್ಕೆಯವರ ಕಥೆ ಓದಿದಾಗ. 1910ರ ಸುಮಾರಿಗೆ ಮುಂಬಯಿಯಲ್ಲಿ ಅವರು ಕ್ರಿಸ್ತನ ಜೀವನದ ಮೂಕಿ ಚಿತ್ರ ನೋಡಿದರು. ಕಣ್ಣಮುಂದೆ ಕ್ರಿಸ್ತ ಹಾಯುತ್ತಿದ್ದಾಗ ಅವರ ಮನಸ್ಸು ಕೃಷ್ಣನನ್ನು, ರಾಮನನ್ನು, ಗೋಕುಲವನ್ನು ಕಾಣುತ್ತಿತ್ತಂತೆ. ಮತ್ತೆ ಹೆಂಡತಿಯನ್ನೂ ಕರೆದುಕೊಂಡು ಹೋಗಿ ತೋರಿಸಿದರು. 1913ಕ್ಕೆ ‘ರಾಜಾ ಹರಿಶ್ಚಂದ್ರ’ ಬಂತು. ಕ್ರಿಸ್ತನನ್ನು ನೋಡಿ ಒಬ್ಬ ಹಿಂದೂ ಹೀಗೆ ಸಿನಿಮಾಕ್ಕೆ ಮತಾಂತರವಾದ. ಇಡೀ ದೇಶವೇ ಅವನ ಹಿಂದೆ ಹೋಯಿತು.

ಪರದೆಯ ಮೇಲೆ ಬಿಟ್ಟದ್ದು ನೋಡಿದವರ ಎದೆಯಲ್ಲಿ ಎಲ್ಲಿ ಹೋಗಿ ಕೂರುತ್ತದೆಂದು ಬಿಟ್ಟವರಿಗೆ ಎಂದೂ ತಿಳಿದಿಲ್ಲ. ಆಫ್ರಿಕದಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಶಿಂಟೆ ಎಂಬ ಅರಸನ ಊರಿನಲ್ಲಿ ಮಾಯಾದೀಪ ತೋರಿಸಿದ. ಗಾಜಿನ ಚಿತ್ರದಲ್ಲಿ ಅಬ್ರಹಾಮ ಮಗನ ಮೇಲೆ ಚೂರಿ ಎತ್ತಿದ್ದಾನೆ. ಚಿತ್ರವನ್ನು ಸರಿಸಹೋದಾಗ ಚೂರಿ ತಮ್ಮತ್ತಲೇ ಬಂತೆಂದು ಹೆಂಗಸರು ಅವ್ವಾ ಅವ್ವಾ ಎಂದು ಚೀರಿ ಓಡಿಹೋದರು. ಎಷ್ಟು ಕರೆದರೂ ಹಿಂದಿರುಗಲಿಲ್ಲ. ದೇವರ ಮೇಲಿನ ಭರವಸೆಯನ್ನು ತೋರಿಸಲು ಹೋದ ಬಡಪಾಯಿ!

ವೀಡಿಯೊ ಬಂದ ಮೇಲೆ ಸಂಗತಿ ಇನ್ನಷ್ಟು ಗೋಜಲಾಯಿತು. ತೆಲುಗಿನ ‘ಕರುಣಾಮಯುಡು’, 1978ರದು, ಭೀಮ್‌ಸಿಂಗ್ ನಿರ್ದೇಶನ, ಬೇರೆ ಭಾಷೆಗಳಿಗೂ ಡಬ್ ಆಗಿ ಪ್ರಚಾರಕರ ಕೈಯಲ್ಲಿ ಹಳ್ಳಿ ಹಳ್ಳಿ ಸುತ್ತಿತು. ಅದರಲ್ಲಿ ಏಸುವಾದವರು ವಿಜಯಚಂದರ್. 1986ರಲ್ಲಿ ಅದೇ ವಿಜಯಚಂದರ್ ಇನ್ನೊಂದು ತೆಲುಗು ಚಿತ್ರದಲ್ಲಿ ಶಿರಡಿ ಸಾಯಿಬಾಬಾ ಆದರು. ಬಾಡಿಗೆ ವಿಸಿಪಿಯಲ್ಲಿ ಎರಡನ್ನೂ ನೋಡಿದ ಆಯಿಗೆ ಯಾವ ಗೊಂದಲವೂ ಆಗಲಿಲ್ಲ. "ಅಷ್ಟ ಹೊಡ್ತಾ ತಿಂದ ಮ್ಯಾಲ ಆ ಊರಾಗ ಹ್ಯಾಂಗ ಇರಬೇಕು? ಶಿರಡಿಗೆ ಬಂದ" ಎಂದಳು.

ಆಯಿಯನ್ನು ನೆನೆದು ನಗುವಾಗ ಇನ್ನೊಂದು ನೆನಪು ನಗೆಯನ್ನು ಹಿಡಿದು ನಿಲ್ಲಿಸುತ್ತದೆ. ಆಯಿ ಮನಸಾರೆ ಪರದೆಯ ಹಿಂದೆ ಕೂತವಳು. ಮನಸ್ಸಿಲ್ಲದೆಯೂ ಅಲ್ಲಿ ಕೂತವರಿದ್ದರು. ಮುಂದೆ ಯಾರು, ಹಿಂದೆ ಯಾರು, ಅದಕ್ಕೂ ಆಚೆ ಗೋಡೆಯ ಬದಿಗೆ ನಿಲ್ಲಬೇಕಾದವರು ಯಾರು ಎಂಬುದನ್ನು ಊರು ರೀಲು ಬಿಚ್ಚುವ ಮೊದಲೇ ತೀರ್ಮಾನಿಸಿರುತ್ತಿತ್ತು. ಎಲ್ಲರೂ ದೂರ ಇಟ್ಟ ಜಕ್ಕಾಯನ ಮನೆಗೆ ಏಸು ತಾನಾಗಿ ಬರುತ್ತೇನೆಂದಾಗ ನಮಗೆ ಕಂಡದ್ದು ಮರ ಹತ್ತಿದ ಗಿಡ್ಡ. ಗೋಡೆಯ ಬದಿಯವರಿಗೆ ಕಂಡದ್ದು ಬೇರೆ. ಕೆಲವು ವರ್ಷಗಳಲ್ಲಿ ಅವರಲ್ಲಿ ಒಂದೆರಡು ಮನೆಯವರು ಭಾನುವಾರ ಬೆಳಿಗ್ಗೆ ಬಿಳಿ ಬಟ್ಟೆ ಉಟ್ಟು ಬಸ್ಸಿಗೆ ನಿಲ್ಲತೊಡಗಿದರು. ಸಿನಿಮಾ ನೋಡಿ ಕೆಟ್ಟರು ಎಂದು ಊರು ಆಡಿಕೊಂಡಿತು. ಆ ರಾತ್ರಿ ಕೈ ಎತ್ತಿದ್ದವರೇ ಆಡಿಕೊಂಡರು.

ಈಗ ಊರ ನಡುವೆ ಅಂಥ ಪರದೆ ಕಟ್ಟುವುದು ಸುಲಭವಿಲ್ಲ. 2022ರಲ್ಲಿ ಮತಾಂತರ ತಡೆಯುವ ಕಾಯ್ದೆ ಬಂತು, 2023ರಲ್ಲಿ ಹೊಸ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ವಾದ ಮಾತ್ರ ಟಿವಿಯಲ್ಲಿ ನಿಂತಿಲ್ಲ. ಜನರ ಮನಸ್ಸನ್ನು ಯಾರೋ ಬಂದು ತಿರುಗಿಸಿಕೊಂಡು ಹೋಗುತ್ತಾರೆಂದು ಅಲ್ಲಿ ಕೂಗಾಡುವವರನ್ನು ಕಂಡಾಗ ನನಗೆ ನಮ್ಮಪ್ಪನ ನೆನಪಾಗುತ್ತದೆ. ಚಹಕ್ಕೆ ಬೆಲ್ಲದ ಬದಲು ಸಕ್ಕರೆ ಹಾಕಲು ಆಯಿಯನ್ನು ಒಪ್ಪಿಸುವುದರಲ್ಲಿ ಅವನ ಅರ್ಧ ಆಯುಷ್ಯ ಕಳೆಯಿತು.

ಮಾಸ್ತರರು ಮುಂದೆ ಬಾಗಲಕೋಟೆಯ ನವನಗರದಲ್ಲಿ ಮಗಳ ಮನೆಯಲ್ಲಿ ಸಿಕ್ಕರು. ಹಳೇ ಊರಿನಲ್ಲಿ ಅವರು ಪರದೆ ಕಟ್ಟುತ್ತಿದ್ದ ಬಯಲು ಆಲಮಟ್ಟಿಯ ಹಿನ್ನೀರಿನಲ್ಲಿ ಹೋಗಿದೆ. ಅದೇ ಸಿನಿಮಾ ಈಗ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ, ಮೊಮ್ಮಗ ಹಾಕಿಕೊಟ್ಟಿದ್ದಾನೆ; ಆದರೆ ಒಬ್ಬರೇ ಕೂತು ನೋಡಿದರೆ ಅಳು ಬರುವುದಿಲ್ಲ ಎಂದು ಮಾಸ್ತರರು ದೂರಿದರು. ಪ್ರೊಜೆಕ್ಟರು ಇನ್ನೂ ಅಟ್ಟದ ಮೇಲಿದೆ, ಬಲ್ಬು ಸಿಗುವುದಿಲ್ಲ. ನಾನು ಆಯಿಯ ಕಥೆ ಹೇಳಿದೆ. ಎಡಗೈಯ ಸಂಗತಿಗೆ ಕೆಮ್ಮು ಬರುವಷ್ಟು ನಕ್ಕರು.

"ಎರಡೂ ಕೈ ಎತ್ತಿದ್ಳಂದ್ರ ಇಬ್ಬರಂತ ಬರಕೊಂಡಿರಬೇಕು ನೋಡು ತಮ್ಮಾ. ಕತ್ತಲಾಗ ಕೈ ಎಣಸ್ತಿದ್ದೆ, ಮಂದಿನ್ನಲ್ಲ."

"ಹಂಗಾರ ಲೆಕ್ಕದಾಗ ಒಂದು ತಗೀರಿ ಮಾಸ್ತರ್ರ" ಎಂದೆ.

ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸುತ್ತ ಕೇಳಿದರು: "ಯಾವುದು ತಗೀಲಿ? ಎಡದ್ದೋ, ಬಲದ್ದೋ?"