ಹತ್ತು ಪೈಸೆಯ ತೂಕ, ಐದು ರೂಪಾಯಿಯ ನೀರು

ಗದಗ ಜಂಕ್ಷನ್ನಿನಲ್ಲಿ ಆಗ ಮೀಟರ್ ಗೇಜಿನ ಹೊಗೆಬಂಡಿ. ಕಲ್ಲಿದ್ದಲ ವಾಸನೆ ಅಂಗಿಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗುತ್ತಿರಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಆಳೆತ್ತರದ ತೂಕದ ಯಂತ್ರವೊಂದು ಬಣ್ಣದ ಬಲ್ಬು ಮಿನುಗಿಸುತ್ತ ನಿಂತಿರುತ್ತಿತ್ತು. ಹತ್ತು ಪೈಸೆ ಹಾಕಿದರೆ ಹೊಟ್ಟೆಯೊಳಗೆ ಗಡಗಡ ಅಂದು ರಟ್ಟಿನ ಚೀಟಿ ಉಗುಳುತ್ತಿತ್ತು. ನಾನು ಒಂಬತ್ತು ವರ್ಷದವ, ಇಪ್ಪತ್ತೆರಡು ಕಿಲೋ. ಚೀಟಿಯ ಇಂಗ್ಲಿಷ್ ಭವಿಷ್ಯವನ್ನು ಅಪ್ಪ ಓದಿ, ‘ನಿನಗ ಲಗೂನ ಲಗ್ನ ಆಕ್ಕೈತಂತ’ ಅಂದ. ಒಳಗೆ ಯಾರೋ ಗಿಡ್ಡ ಮನುಷ್ಯ ಕೂತು ಬರೆದುಕೊಡುತ್ತಾನೆಂದು ನಂಬಿ ನಾನು ಹಿಂದೆ ಹೋಗಿ ಬಾಗಿಲು ಹುಡುಕಿದೆ. ‘ಹುಚ್ಚಪ್ಪಾ, ಒಳಗ ಬರೇ ಸ್ಪ್ರಿಂಗು, ಹಲ್ಲಿನ ಗಾಲಿ’ ಎಂದು ಕಿವಿ ಹಿಂಡಿ ಎಳೆದುಕೊಂಡು ಬಂದ.

ಮುಂಡರಗಿ ಕಡೆಯ ನಮ್ಮ ಹಳ್ಳಿಯಲ್ಲಿ ನೀರಿಗೆ ಯಂತ್ರವಿರಲಿಲ್ಲ, ಅವ್ವ ಇದ್ದಳು. ಹಳೇ ಸೀರೆಯ ತುಂಡನ್ನು ಬಳೆಯಂತೆ ಸುತ್ತಿ ತಲೆಯ ಮೇಲಿಟ್ಟರೆ ಅದು ಸಿಂಬಿ, ಅದರ ಮೇಲೆ ತಾಮ್ರದ ಕೊಡ. ಬಾವಿಯ ಗಡಗಡಿಗೆ ಎಣ್ಣೆ ಬಿಡುವುದು ನನ್ನ ಪಾಳಿ. ನಾನು ಮರೆತ ದಿನ ಅದು ಇಡೀ ಓಣಿಯನ್ನು ಎಬ್ಬಿಸುತ್ತಿತ್ತು. ಪುಂಡಿನಾರಿನ ಹಗ್ಗ ಅಂಗೈ ಕೆತ್ತುತ್ತಿತ್ತು. ಹರಿವಿಯ ನೀರಿಗೆ ಮಾತ್ರ ಮೊದಲ ಮಳೆಯ ವಾಸನೆ.

ಬಾವಿ ಬತ್ತಿ ಬೋರಿಂಗ್ ಬಂತು. ಕೆಲವು ವರ್ಷಕ್ಕೆ ನನ್ನ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಕಾಣಿಸಿದವು. ಸರಿಯಾಗಿ ತಿಕ್ಕುವುದಿಲ್ಲವೆಂದು ಬೈದೆ. ಇದ್ದಿಲ ಪುಡಿಯಲ್ಲಿ ಉಪ್ಪು ಬೆರೆಸಿ ನಾನೇ ನಿಂತು ತಿಕ್ಕಿಸಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ದಾಟಿದರೆ ಎಷ್ಟು ತಿಕ್ಕಿದರೂ ಆ ಗೆರೆ ಹೋಗುವುದಿಲ್ಲ ಎಂದು ತಿಳಿಯುವ ಹೊತ್ತಿಗೆ ಮಕ್ಕಳು ಮದುವೆಗೆ ಬಂದಿದ್ದರು. ಆ ಇದ್ದಿಲ ಪುಡಿಯ ಮಾತು ಅವರು ಇನ್ನೂ ಬಿಟ್ಟಿಲ್ಲ.

2013ರಲ್ಲಿ ಗದಗಿನ ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಮಂತ್ರಿಯಾದ ಮೇಲೆ ಹಳ್ಳಿಹಳ್ಳಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದವು. ನಮ್ಮಲ್ಲಿ ಮೊದಲು ಇಪ್ಪತ್ತು ಲೀಟರಿಗೆ ಎರಡು ರೂಪಾಯಿ, ಆಮೇಲೆ ಐದು. ದರ ಐದಾದ ವಾರ ನಾನು ಕ್ಯಾನು ಹಿಡಿದು ಹೋಗಿ, ಜೋಪಾನ ಮಾಡಿದ್ದ ದಪ್ಪನೆಯ ಐದು ರೂಪಾಯಿ ಹಾಕಿದೆ. ಟಣ್ ಅಂತ ಕೆಳಗಿನಿಂದ ವಾಪಸು ಬಂತು. ಮೂರು ಸಲ ಹಾಕಿದೆ, ಮೂರು ಸಲವೂ ತಿರಸ್ಕಾರ. ಹಿಂದಿದ್ದ ಹುಡುಗಿ, ‘ಅಜ್ಜಾ, ಅದಕ್ಕ ಹಳದಿ ರೊಕ್ಕ ಅಷ್ಟ ಕಲಿಸ್ಯಾರ’ ಎಂದಳು. ಸರಿಯಾಗಿಯೇ ಹೇಳಿದ್ದಳು. ಒಳಗಿನ ತಂತಿ ಸುರುಳಿಯ ಕಾಂತಶಕ್ತಿ ನಾಣ್ಯದ ಲೋಹಕ್ಕೆ ತಕ್ಕಂತೆ ಏರುಪೇರಾಗುತ್ತದಂತೆ. ಉಗುರಿನಷ್ಟು ಚಿಪ್ಪು ಅದನ್ನು ತಾನು ಕಲಿತ ಗುರುತಿಗೆ ತಾಳೆ ನೋಡಿ, ಹೊಂದಿದರೆ ಮಾತ್ರ ನಲ್ಲಿಯ ಕವಾಟ ತೆರೆಯುತ್ತದೆ. ಸರಕಾರದ್ದೇ ನಾಣ್ಯ, ಸರಕಾರದ್ದೇ ಯಂತ್ರ, ಒಂದಕ್ಕೊಂದು ಗುರುತಿಲ್ಲ!

ಆ ಯಂತ್ರ ನೀರನ್ನು ಅಳೆಯುತ್ತಿರಲಿಲ್ಲ, ಬರೇ ಹೊತ್ತನ್ನು ಎಣಿಸುತ್ತಿತ್ತು. ಕರೆಂಟು ಸೊರಗಿದ ದಿನ ಧಾರೆ ಸಣ್ಣದಾಗಿ ಕ್ಯಾನು ಮುಕ್ಕಾಲಕ್ಕೇ ನಿಂತಿತು. ಹಳೇ ರೇಡಿಯೋಕ್ಕೆ ಮಾಡುತ್ತಿದ್ದಂತೆ ನಾನು ಮಗ್ಗುಲಿಗೊಂದು ಗುದ್ದಿದೆ. ಏನೂ ಆಗಲಿಲ್ಲ, ಕೈ ಮಾತ್ರ ನೊಂದಿತು.

ಹೊಲದ ಪಂಪಿಗೂ ಅಂಥದೇ ಡಬ್ಬಿ ಬಂತು. ತ್ರೀ ಫೇಸ್ ಕೊಡುತ್ತಿದ್ದದ್ದು ಹೆಚ್ಚಾಗಿ ನಡುರಾತ್ರಿ. ಕಂದೀಲು ಹಿಡಿದು, ಹಾವಿನ ಅಂಜಿಕೆಗೆ ಕೋಲು ಬಡಿಯುತ್ತ ಹೋಗಿ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ ಬರುತ್ತಿದ್ದೆವು. ಮಗ ತಂದ ಹೊಸ ಸ್ಟಾರ್ಟರಿನಲ್ಲಿ ಸಿಮ್ ಕಾರ್ಡು ಇತ್ತು. ಮೂರೂ ಫೇಸು ಸರಿ ಇದ್ದರೆ ತಾನೇ ಚಾಲೂ ಆಗುತ್ತಿತ್ತು, ಬೋರಿನಲ್ಲಿ ನೀರು ಹೋದರೆ ಮೋಟಾರು ಸುಡದಂತೆ ತಾನೇ ನಿಲ್ಲುತ್ತಿತ್ತು. ಶಿರಹಟ್ಟಿಯ ಮದುವೆಯೊಂದರಲ್ಲಿ ಹೋಳಿಗೆ ಉಣ್ಣುತ್ತ ಮಗ ಎಡಗೈಯಿಂದ ಫೋನು ಮಾಡಿ ಪಂಪು ನಿಲ್ಲಿಸಿದಾಗ ಬೀಗರ ಬಾಯಲ್ಲಿನ ತುತ್ತು ಅಲ್ಲೇ ನಿಂತಿತು.

‘ಇನ್ನ ನೀವು ಆರಾಮ ಮಲಕೋರಿ’ ಎಂದು ಮಗ ನನ್ನ ಫೋನಿಗೂ ಅದನ್ನು ಜೋಡಿಸಿದ. ಅದೇ ವಾರ ರಾತ್ರಿ ಎರಡಕ್ಕೆ ಟಿಣ್ ಅಂತ ಮೆಸೇಜು ಬಂತು, ಮೋಟಾರು ಚಾಲೂ. ಎಚ್ಚರಾದ ಮೇಲೆ ನಿದ್ದೆ ಹತ್ತಲಿಲ್ಲ. ಬ್ಯಾಟರಿ, ಕೋಲು ತೆಗೆದುಕೊಂಡು ಹೊಲಕ್ಕೆ ಹೋದೆ. ಪಂಪು ನಡೆದಿತ್ತು.